ಬಾಗಿಲು ಹಾಕಿತ್ತು

ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಗಂಡನ ಸೋದರತ್ತೆಯನ್ನು ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ನ್ಯೂಜೆರ್ಸಿಗೆ ಬಂದ ನೆಂಟರಿಗೆಲ್ಲ ಅದೊಂದು ಕಡ್ಡಾಯ ಹಾಜರಿ. ವಾಪಸು ಬರುವಾಗ ಅತ್ತೆ ಅಲ್ಲಿನ ಅಮೃತಶಿಲೆಯ ಕೆತ್ತನೆಯನ್ನು ಕಂಬಕಂಬವಾಗಿ ವರ್ಣಿಸುತ್ತಿದ್ದರು. ನಾನು ಹೂಂಗುಟ್ಟುತ್ತ ಎಕ್ಸಿಟ್ ತಪ್ಪಿಸಿಕೊಂಡೆ. ಗಾಡಿ ತಿರುಗಿಸಲು ಜಾಗ ಹುಡುಕುತ್ತ ಹೋದವಳು ಗೋದಾಮುಗಳ ಸಾಲಿಗೆ ಬಂದುಬಿಟ್ಟೆ. ಕಿಟಕಿಯಿಲ್ಲದ ಉದ್ದುದ್ದ ಕಟ್ಟಡಗಳು, ಎಲ್ಲಕ್ಕೂ ಒಂದೇ ಬೂದು ಬಣ್ಣ. ಮೂರನೆಯದರ ಎದುರು ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಬೋರ್ಡು ಬದಲಾಗಿತ್ತು, ಈಗ ಬೇರೆ ಯಾರೋ ಸೋಫಾ ಇಡುತ್ತಾರಂತೆ. ಪಕ್ಕದ ಗೋಡೆಯಲ್ಲಿದ್ದ ಕಬ್ಬಿಣದ ಬಾಗಿಲು ಮಾತ್ರ ನಾನು ಫೋಟೋದಲ್ಲಿ ನೋಡಿದ್ದ ಅದೇ ಬಾಗಿಲು.

"ಯಾಕಮ್ಮಾ ನಿಲ್ಲಿಸ್ದೆ?" ಎಂದರು ಅತ್ತೆ.

"ದಾರಿ ತಪ್ತು ಅತ್ತೆ" ಎಂದೆ. ಅವರಿಗೆ ಹೇಳುವುದಾದರೆ ಒಂದಿಡೀ ಚಳಿಗಾಲವನ್ನು ಹೇಳಬೇಕಾಗಿತ್ತು.

ಅದು ಮೂರು ವರ್ಷದ ಹಿಂದಿನ ಚಳಿಗಾಲ. ಆಗ ನಾನು ನಮ್ಮ ಮೆಟುಚೆನ್ ಮನೆಯಿಂದ ಇಪ್ಪತ್ತು ನಿಮಿಷ ದೂರದ ಒಂದು ಸಣ್ಣ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದೆ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂಬತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಗಂಡನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದು, ಏಳು ವರ್ಷ ಮನೆಯಲ್ಲಿ ಕೂತು, ವರ್ಕ್ ಪರ್ಮಿಟ್ ಬಂದಾಗ ಸಿಕ್ಕಿದ ಮೊದಲ ಕೆಲಸ ಅದು. ಬಂದವರಿಗೆ ವಸ್ತುಗಳನ್ನು ತೋರಿಸಿ ವಿವರಿಸುವ ನನ್ನ ಹುದ್ದೆಗೆ ಡೋಸೆಂಟ್ ಎಂದು ಹೆಸರು. ನನ್ನ ಗಂಡ ಸುರೇಶನಿಗೆ ತಮಾಷೆಗೆ ಅಷ್ಟು ಸಾಕಾಯಿತು. "ನಮ್ಮನೆ ದೋಸೆಂಟ್ ಇವತ್ತು ಎಷ್ಟು ಜನಕ್ಕೆ ಬಡಿಸಿದ್ರು?" ಎಂದು ದಿನಾ ಕೇಳುತ್ತಿದ್ದ. ನಾನು ದಿನಾ ನಗುತ್ತಿದ್ದೆ, ಅದೂ ಒಂದು ಅಭ್ಯಾಸ.

ಆ ವರ್ಷದ ಪ್ರದರ್ಶನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ದೇಶದಲ್ಲಿ ಎದ್ದ ಸುಧಾರಣೆಯ ಅಲೆಯ ಬಗ್ಗೆ. ಗಿರಣಿಗಳಿಂದ ಮಕ್ಕಳನ್ನು ಬಿಡಿಸಿದ್ದು, ದುಡಿಮೆಯ ಗಂಟೆಗಳಿಗೆ ಮಿತಿ ಹಾಕಿಸಿದ್ದು, ಹೆಂಗಸರು ಬಿಳಿಯ ಉಡುಪು ತೊಟ್ಟು ಮತದ ಹಕ್ಕಿಗಾಗಿ ಬೀದಿಗಿಳಿದದ್ದು, ಓದಿದ ಹೆಣ್ಣುಮಕ್ಕಳು ಬಡವರ ಕೇರಿಗೆ ಹೋಗಿ ಅಲ್ಲೇ ಮನೆ ಮಾಡಿದ್ದು. ಇವೆಲ್ಲ ಗೋಡೆಯ ಮೇಲಿನ ಚಿತ್ರಗಳಾಗಿದ್ದವು. ನಡುವಿನ ಕೋಣೆಯಲ್ಲಿ ನಿಲ್ಲಿಸಿದ್ದ ಒಂದು ಬಾಗಿಲು ನನ್ನ ಪಾಲಿನದು. ಅದರ ಮುಂದೆ ನಿಂತು ನಾನು ೧೯೧೧ರಲ್ಲಿ ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಯೊಂದಕ್ಕೆ ಬಿದ್ದ ಬೆಂಕಿಯ ಕಥೆ ಹೇಳಬೇಕು. ಒಂಬತ್ತನೆಯ ಮಹಡಿಯಲ್ಲಿ ರವಿಕೆ ಹೊಲಿಯುತ್ತಿದ್ದ ಹುಡುಗಿಯರು. ಹೋಗುವಾಗ ಅವರ ಚೀಲ ತಪಾಸಣೆ ಮಾಡಲು ಅನುಕೂಲವೆಂದು ಒಂದು ಕಡೆಯ ಬಾಗಿಲಿಗೆ ಬೀಗ. ಸತ್ತವರು ನೂರಾ ನಲವತ್ತಾರು ಮಂದಿ. ಮಾಲೀಕರ ಮೇಲೆ ಮೊಕದ್ದಮೆಯಾಯಿತು. ಬಾಗಿಲಿಗೆ ಬೀಗ ಬಿದ್ದಿದ್ದು ಆ ಹೊತ್ತಿನಲ್ಲಿ ಅವರಿಗೆ ಗೊತ್ತಿತ್ತೆಂದು ಸಾಬೀತಾಗಲಿಲ್ಲ, ಬಿಡುಗಡೆಯಾದರು. ಆಮೇಲೆ ಕಾನೂನು ಬಂತು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬಾಗಿಲು ಹೊರಮುಖವಾಗಿ ತೆರೆದುಕೊಳ್ಳಬೇಕು.

ಇದನ್ನು ವಾರಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. 'ಲಾಕ್ಡ್' ಎಂಬ ಪದ ಬಂದಾಗ ಎರಡು ಸೆಕೆಂಡು ಸುಮ್ಮನಿರಬೇಕು, ಕೇಳುವವರ ಎದೆಗೆ ತಾಗಲಿ ಎಂದು ನನಗೆ ತರಬೇತಿ ಕೊಟ್ಟಿದ್ದರು. ಸುಮ್ಮನಿರುತ್ತಿದ್ದೆ. ಮೊದಲ ತಿಂಗಳು ಆಗ ಆ ಹುಡುಗಿಯರನ್ನೇ ನೆನೆಯುತ್ತಿದ್ದೆ. ನವೆಂಬರ್ ಹೊತ್ತಿಗೆ ಆ ಎರಡು ಸೆಕೆಂಡಿನಲ್ಲಿ ಸಾಯಂಕಾಲದ ಹುಳಿಗೆ ಯಾವ ತರಕಾರಿ ಹಾಕಲಿ ಎಂದು ಯೋಚಿಸುತ್ತಿದ್ದೆ. ಸತ್ತ ಹುಡುಗಿಯರ ಬಗ್ಗೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸುತ್ತಿಲ್ಲವಲ್ಲ ಎಂದೂ ಅನ್ನಿಸುತ್ತಿರಲಿಲ್ಲ.

ರತ್ನಮ್ಮನವರು ನನಗೆ ಪರಿಚಯವಾದದ್ದು ಕನ್ನಡ ಕೂಟದ ಸಂಕ್ರಾಂತಿಯೊಂದರಲ್ಲಿ. ಎಳ್ಳುಬೆಲ್ಲದ ಪೊಟ್ಟಣ ಕಟ್ಟುವಾಗ ನಾನು ಹತ್ತು ಕಟ್ಟುವಷ್ಟರಲ್ಲಿ ಅವರು ನಲವತ್ತು ಕಟ್ಟಿ ನನ್ನ ಪಾಲಿನದನ್ನೂ ಎಳೆದುಕೊಂಡಿದ್ದರು. ಕೆ.ಆರ್. ನಗರದ ಕಡೆಯ ಹಳ್ಳಿಯವರು, ಅರವತ್ತಕ್ಕೆ ಹತ್ತಿರ, ಗಂಡ ಇಲ್ಲ. ಒಬ್ಬಳೇ ಮಗಳು ಚೈತ್ರ ಇಂಜಿನಿಯರು, ಓಲ್ಡ್ ಬ್ರಿಡ್ಜ್‌ನಲ್ಲಿ ಮನೆ. ಮಗಳ ಬಾಣಂತನಕ್ಕೆ ಬಂದವರು ಗ್ರೀನ್ ಕಾರ್ಡಾಗಿ ಉಳಿದರು. ಮೊಮ್ಮಗು ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂರಲಾಗದೆ, ಮಗಳು ಎಷ್ಟು ಬೇಡವೆಂದರೂ ಕೇಳದೆ, ರಾಬಿನ್ಸ್‌ವಿಲ್ ಕಡೆಯ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡರು. ಎಡಿಸನ್‌ನಿಂದ ಗುಜರಾತಿ ಹೆಂಗಸರನ್ನು ತುಂಬಿಕೊಂಡು ಬರುವ ವ್ಯಾನು ಇವರನ್ನೂ ಹತ್ತಿಸಿಕೊಂಡು ಹೋಗುತ್ತಿತ್ತು.

ಆ ವ್ಯಾನಿನಲ್ಲಿ ಅವರಿಗೆ ಕೋಕಿಲಾಬೆನ್ ಸಿಕ್ಕಿದರು. ರತ್ನಮ್ಮನವರ ಬಾಯಲ್ಲಿ ಕೋಕ್ಲಮ್ಮ. ಇವರಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರ ಹಿಂದಿ ಸೇರಿಸಿದರೂ ಒಂದು ವಾಕ್ಯವಾಗುವುದು ಕಷ್ಟ. ಆದರೂ ಒಂದೇ ಟೇಬಲ್ಲು, ಒಂದೇ ಹೊತ್ತಿಗೆ ಊಟ. ಅಂಗಡಿಯ ಫ್ರೀಜರಿನಲ್ಲಿ 'ಲಿಲ್ವಾ' ಎಂದು ಬರೆದಿರುವುದು ನಮ್ಮ ಅವರೆಕಾಳೇ ಎಂದು ರತ್ನಮ್ಮನವರಿಗೆ ತೋರಿಸಿಕೊಟ್ಟದ್ದು ಕೋಕಿಲಾಬೆನ್. "ಅಮೇರಿಕಾದಾಗೆ ನಂಗೆ ಸಿಕ್ಕಿದ್ ಒಂದೇ ಸುಖ ಕಣವ್ವ ಅದು" ಎಂದು ರತ್ನಮ್ಮನವರು ನನ್ನ ಹತ್ತಿರ ಹೇಳಿದ್ದರು.

ದೀಪಾವಳಿ ಕಳೆದು ಎರಡು ವಾರಕ್ಕೆ, ಒಂದು ಮಂಗಳವಾರ ಮಧ್ಯಾಹ್ನ, ಆ ಗೋದಾಮಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಮೂಲೆಯಿಂದ ಹೊಗೆ ಎದ್ದಿತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸುರುಳಿಗಳಿಗೆ ಹತ್ತಿಕೊಂಡಿತು. ಬೆಂಕಿ ದೊಡ್ಡದೇನಲ್ಲ, ಅರ್ಧ ಗಂಟೆಯಲ್ಲಿ ಆರಿಸಿದರು. ಹೊಗೆ ದೊಡ್ಡದಾಗಿತ್ತು. ಎಲ್ಲರೂ ಲಾರಿಗಳು ಬಂದು ನಿಲ್ಲುವ ಮುಂಭಾಗದ ಕಡೆಗೆ ಓಡಿದರು. ರತ್ನಮ್ಮನವರೂ ಓಡಿದರು. ಕೋಕಿಲಾಬೆನ್ ಪಕ್ಕದ ಗೋಡೆಯ ಬಾಗಿಲಿನ ಹತ್ತಿರ ಬಿದ್ದಿದ್ದರು, ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತ್ತು. ಮಾರನೆಯ ದಿನ ಚೈತ್ರ ಫೋನ್ ಮಾಡಿ ಹೇಳಿದಾಗ ನಾನು ಮ್ಯೂಸಿಯಂನ ಪಾರ್ಕಿಂಗ್‌ನಲ್ಲಿದ್ದೆ. "ಅಯ್ಯೋ" ಎಂದೆ. ಒಳಗೆ ಹೋಗಿ ಎರಡು ಗಂಟೆಯ ಗುಂಪಿಗೆ ನನ್ನ ಬಾಗಿಲಿನ ಕಥೆ ಹೇಳಿದೆ. ಎರಡಕ್ಕೂ ನಂಟಿದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತನಿಖೆ ಶುರುವಾಯಿತು. ಪಕ್ಕದ ಬಾಗಿಲಿಗೆ ಒಂದು ಅಡ್ಡಪಟ್ಟಿ ಇದೆ, ಅದನ್ನು ತಳ್ಳಿದರೆ ಯಾರಿಗಾದರೂ ತೆರೆಯುತ್ತದೆ, ಗಾಬರಿಯಲ್ಲಿ ಯಾರೂ ತಳ್ಳಲಿಲ್ಲ. ಇದು ಗೋದಾಮಿನವರ ಹೇಳಿಕೆ. ಬೆಂಕಿ ಆರಿದ ಮೇಲೆ ನೋಡಿದವರಿಗೂ ಬಾಗಿಲು ಸರಿಯಾಗಿಯೇ ಕಂಡಿತ್ತು. ಆ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ರತ್ನಮ್ಮನವರ ಟೇಬಲ್ಲು. ಹಾಗಾಗಿ ಇಡೀ ಪ್ರಶ್ನೆ ಅವರ ತಲೆಯ ಮೇಲೆ ಬಂದು ಕೂತಿತು. ನೀವು ಆ ಬಾಗಿಲನ್ನು ತೆಗೆಯದೆ ಯಾಕೆ ಓಡಿದಿರಿ? ಉಳಿದ ಕೆಲಸಗಾರರು ತಾವೇನೂ ನೋಡಲಿಲ್ಲ ಎಂದುಬಿಟ್ಟಿದ್ದರು.

ತನಿಖಾಧಿಕಾರಿ ಐವತ್ತು ದಾಟಿದ ಒಬ್ಬ ಅಮೆರಿಕನ್ ಹೆಂಗಸು, ಒಳ್ಳೆಯವರು. ಮೊದಲು ಭಾಷೆ ಯಾವುದೆಂದು ಕೇಳಿ, ಚೈತ್ರ ಹೇಳಿದ್ದನ್ನು ಕೆನಡಾ ಎಂದು ಕೇಳಿಸಿಕೊಂಡು ಫ್ರೆಂಚ್ ದುಭಾಷಿಯನ್ನು ಗೊತ್ತು ಮಾಡಿದ್ದರಂತೆ. ಮನೆಯವರು ಅನುವಾದ ಮಾಡುವ ಹಾಗಿಲ್ಲ. ಫೋನಿನಲ್ಲಿ ಸಿಗುವ ಕನ್ನಡದವರಿಗೆ ವಾರಗಟ್ಟಲೆ ಕಾಯಬೇಕು. ಚೈತ್ರ ನನ್ನನ್ನು ಕೇಳಿದಳು. ನಾನು ಹೂಂ ಎಂದೆ. ಎರಡೂ ಭಾಷೆ ಗೊತ್ತು, ಪಾಠ ಮಾಡಿದವಳು, ಇದೇನು ಮಹಾ ಎಂದುಕೊಂಡೆ. ಸ್ವಲ್ಪ ಜಂಬವೂ ಇತ್ತು.

ಓಲ್ಡ್ ಬ್ರಿಡ್ಜ್‌ನ ಆ ಮನೆಯ ಊಟದ ಮೇಜಿನ ಸುತ್ತ ಕೂತೆವು. ರತ್ನಮ್ಮನವರು ಸೀರೆಯ ಮೇಲೆ ಮಗಳ ಜಾಕೆಟ್ ಹಾಕಿಕೊಂಡು, ಮೇಜಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದರು. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕೆಂದು ಚೈತ್ರ ಮೊದಲೇ ತಾಕೀತು ಮಾಡಿದ್ದಳು. ಅಧಿಕಾರಿ ರೆಕಾರ್ಡರ್ ಒತ್ತಿದರು. ಹೊಗೆ ಬಂದಾಗ ಪಕ್ಕದ ಬಾಗಿಲು ಹೇಗಿತ್ತು ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ.

"ಬಾಗ್ಲು ಹಾಕಿತ್ತು" ಎಂದರು ರತ್ನಮ್ಮನವರು.

'ಕ್ಲೋಸ್ಡ್' ಎಂದು ಅನುವಾದಿಸಿದೆ. ಬಾಗಿಲು ಮುಚ್ಚಿತ್ತು.

ಅಧಿಕಾರಿ ತಲೆಯಾಡಿಸಿ, ಹಾಗಾದರೆ ನೀವು ಅದನ್ನು ತಳ್ಳಿದಿರಾ ಎಂದರು.

"ಆಂಟಿ, ಬಾಗಿಲನ್ನ ತಳ್ಳಿದ್ರಾ?"

ರತ್ನಮ್ಮನವರು ನನ್ನ ಮುಖವನ್ನೇ ನೋಡಿದರು. ನನ್ನ ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಸಲ ಕೇಳಿದೆ. "ಇಲ್ಲ ಕಣವ್ವ. ಹಾಕಿದ್ ಬಾಗ್ಲ ಯಾರು ತಳ್ತಾರೆ?" ಎಂದರು.

ಮುಚ್ಚಿದ ಬಾಗಿಲನ್ನು ಯಾರು ತಳ್ಳುತ್ತಾರೆ ಎಂದು ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಪೆನ್ನು ಎತ್ತಿ, ನನ್ನನ್ನು ನೋಡಿ, ಬರೆದುಕೊಂಡರು. ಅವರ ಮುಖದಲ್ಲಿ ಒಂದು ಬಗೆಯ ಕನಿಕರ ಬಂತು. ಪಾಪ, ಹಳ್ಳಿಯಿಂದ ಬಂದ ಮುದುಕಿ, ಅಡ್ಡಪಟ್ಟಿ ತಳ್ಳಿದರೆ ಬಾಗಿಲು ತೆರೆಯುತ್ತದೆಂದು ಈಕೆಗೆ ಗೊತ್ತಿಲ್ಲ. ಹಾಗೆ ಅವರು ಅಂದುಕೊಂಡರೆಂದು ನನಗೆ ಗೊತ್ತಾಯಿತು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಹೊರಡುವಾಗ ರತ್ನಮ್ಮನವರು ಕಾಫಿ ಕುಡಿದು ಹೋಗು ಎಂದರು. ಟ್ರಾಫಿಕ್ ಶುರುವಾಗುತ್ತೆ ಆಂಟಿ ಎಂದು ಹೊರಟುಬಿಟ್ಟೆ.

ಡಿಸೆಂಬರ್ ಕಳೆಯಿತು. ಜನವರಿಯಲ್ಲಿ ಹಿಮ ಬಿದ್ದು, ಕರಗಿ, ಮತ್ತೆ ಹೆಪ್ಪುಗಟ್ಟಿ, ಡ್ರೈವ್‌ವೇ ಎಲ್ಲ ಗಾಜಿನಂತಾಗಿತ್ತು. ಸ್ಕೂಲಿಗೆ ರಜೆ ಕೊಟ್ಟಿದ್ದರು, ಮ್ಯೂಸಿಯಂಗೆ ಇರಲಿಲ್ಲ. ಹನ್ನೆರಡು ವರ್ಷದ ನನ್ನ ಮಗಳು ಅನಘಾ ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಾನು ಬೂಟು ಹಾಕಿಕೊಂಡು ಹೊರಡುತ್ತ, "ಬಾಗಿಲು ಹಾಕ್ಕೋ ಪುಟ್ಟಾ" ಎಂದು ಕೂಗಿದೆ.

"ಅಮ್ಮಾ, ಕ್ಲೋಸ್ ಆರ್ ಲಾಕ್?" ಎಂದು ಅವಳು ಒಳಗಿನಿಂದ ಕೇಳಿದಳು.

ಅವಳು ಇದನ್ನು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ನಾನು ಬಾಗಿಲು ಹಾಕ್ಕೋ ಎಂದಾಗಲೆಲ್ಲ ಅವಳಿಗೆ ಈ ಅನುಮಾನ. ನನಗೆ ಪ್ರತಿ ಸಲ ಸಿಟ್ಟು ಬರುತ್ತಿತ್ತು, ಅಷ್ಟೂ ಗೊತ್ತಾಗಲ್ವಾ ಎಂದು. ಅವತ್ತು ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟು ಹಾಗೇ ನಿಂತೆ. ಚಳಿಗಾಳಿ ಒಳಗೆ ನುಗ್ಗುತ್ತಿತ್ತು, ಅವಳು ಬೈಯುತ್ತಿದ್ದಳು. ನಾವು ಯಾರದೋ ಮನೆಗೆ ಹೋಗಿ ವಾಪಸು ಬಂದರೆ 'ಅವರ ಮನೆ ಬಾಗಿಲು ಹಾಕಿತ್ತು' ಎನ್ನುತ್ತೇವೆ. ಅದರರ್ಥ ಬೀಗ. ಗಾಳಿ ಬರುತ್ತೆ, ಬಾಗಿಲು ಹಾಕು ಎನ್ನುತ್ತೇವೆ. ಅದಕ್ಕೆ ಬೀಗವಿಲ್ಲ. ಒಂದೇ ಮಾತು. ರತ್ನಮ್ಮನವರು ಯಾವುದನ್ನು ಹೇಳಿದ್ದರು? ನಾನು ಕೇಳಿರಲಿಲ್ಲ. ವಾರಕ್ಕೆ ಇಪ್ಪತ್ತು ಸಲ ಬೀಗ ಬಿದ್ದ ಬಾಗಿಲಿನ ಮುಂದೆ ನಿಲ್ಲುವವಳು, ಒಂದೇ ಒಂದು ಸಲ 'ಬೀಗವಾ' ಎಂದು ಕೇಳಿರಲಿಲ್ಲ.

ಆ ದಿನ ಮ್ಯೂಸಿಯಂನಲ್ಲಿ 'ಲಾಕ್ಡ್' ಎಂಬ ಪದದ ಮೇಲೆ ನಿಂತವಳು ಮುಂದಿನ ವಾಕ್ಯಕ್ಕೆ ಹೋಗಲಾಗದೆ ನಿಂತೇ ಇದ್ದೆ. ಬಂದಿದ್ದ ಹಿರಿಯರಲ್ಲಿ ಒಬ್ಬರು ನಾನು ಬಹಳ ಚೆನ್ನಾಗಿ ಹೇಳುತ್ತೇನೆಂದು ಹೊಗಳಿ ಹೋದರು.

ಸುರೇಶನಿಗೆ ಹೇಳಿದೆ. ಅವನು ರೈಲಿಳಿದು ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ. "ಸುಮಾ, ಯೋಚನೆ ಮಾಡು. ಕರೆಕ್ಷನ್ ಕೊಟ್ರೆ ನೀನು ಮಾಡಿದ ಪೂರ್ತಿ ಟ್ರಾನ್ಸ್‌ಲೇಷನ್ ಮೇಲೇ ಡೌಟ್ ಬರುತ್ತೆ. ಕೊಡದೆ ಇದ್ರೆ ಯಾರಿಗೂ ಗೊತ್ತಾಗಲ್ಲ. ಆ ಆಫೀಸ್‌ನಲ್ಲಿ ಕನ್ನಡ ಬರೋರು ಯಾರಿದಾರೆ?"

"ನಂಗೆ ಗೊತ್ತಲ್ಲ."

"ಹಾಗಾದ್ರೆ ಮೊದ್ಲು ಅವರನ್ನೇ ಕೇಳು. ಬೀಗ ಇತ್ತಾ ಇಲ್ವಾ ಅಂತ."

ಕೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಆದರೆ ಆ ಹಳೆಯ ಮೊಕದ್ದಮೆಯ ಒಂದು ಸಂಗತಿ ನನ್ನನ್ನು ತಡೆಯಿತು. ಬದುಕಿ ಉಳಿದ ಒಬ್ಬ ಹುಡುಗಿ, ಇಂಗ್ಲಿಷ್ ಸರಿಯಾಗಿ ಬಾರದವಳು, ಕೋರ್ಟಿನಲ್ಲಿ ಬೆಂಕಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದಳು. ಮಾಲೀಕರ ವಕೀಲ ಅವಳನ್ನು ಗದರಿಸಲಿಲ್ಲ. ಇನ್ನೊಂದು ಸಲ ಹೇಳಮ್ಮ ಎಂದ, ಮತ್ತೊಂದು ಸಲ ಹೇಳಮ್ಮ ಎಂದ. ಪ್ರತಿ ಸಲವೂ ಹೆಚ್ಚುಕಡಿಮೆ ಅವೇ ಪದಗಳು ಬಂದವು. ಯಾರೋ ಕಲಿಸಿಕೊಟ್ಟ ಪಾಠ ಎಂದು ತೀರ್ಪುಗಾರರಿಗೆ ತೋರಿಸಲು ಅಷ್ಟು ಸಾಕಾಯಿತು. ನಾನು ಈಗ ರತ್ನಮ್ಮನವರಿಗೆ ಫೋನು ಮಾಡಿ 'ಬೀಗ' ಎಂಬ ಪದವನ್ನು ಉಚ್ಚರಿಸಿದರೆ, ಮುಂದೆ ಅವರು ಆಡುವ ಸತ್ಯವೂ ನನ್ನ ಪಾಠವಾಗುತ್ತದೆ. ಆದ್ದರಿಂದ ಕೇಳಲಿಲ್ಲ. ಅವರು ಆಡಿದ ಮಾತಿಗೆ ಎರಡು ಅರ್ಥವಿದೆ, ನಾನು ಕೇಳದೆ ಒಂದನ್ನು ಆರಿಸಿದೆ, ಯಾವುದು ಸರಿಯೆಂದು ನನಗೆ ಗೊತ್ತಿಲ್ಲ ಎಂದು ಅಧಿಕಾರಿಗೆ ಒಂದು ಪುಟದ ಪತ್ರ ಬರೆದೆ.

ಹತ್ತು ದಿನದ ಮೇಲೆ ಅಧಿಕಾರಿ ಫೋನ್ ಮಾಡಿದರು. ಪತ್ರವನ್ನು ಗೋದಾಮಿನ ವಕೀಲರೂ ನೋಡಿದ್ದಾರೆ, ಅವರ ಆಕ್ಷೇಪಣೆ ಇದೆ ಎಂದರು. ಅನುವಾದ ಮಾಡಿದಾಕೆ ಸಾಕ್ಷಿಗೆ ಪರಿಚಿತಳು, ಬೀಗ ಹಾಕಿದ ಬಾಗಿಲಿನ ಕಥೆ ಹೇಳುವುದೇ ಆಕೆಯ ಉದ್ಯೋಗ, ಎಲ್ಲಿ ನೋಡಿದರೂ ಆಕೆಗೆ ಬೀಗ ಕಾಣುವುದು ಸಹಜ. ಇದು ಅವರು ಬರೆದದ್ದು. ಕೇಳಿ ನನಗೆ ನಗು ಬಂತು. ಕಾಣಬೇಕಾದಾಗ ಕಾಣಲಿಲ್ಲವಲ್ಲ ಸ್ವಾಮಿ ಎಂದು ಅವರಿಗೆ ಹೇಳಬೇಕೆನ್ನಿಸಿತು. ಹೊಸ ದುಭಾಷಿಯೊಂದಿಗೆ ಮತ್ತೆ ಹೇಳಿಕೆ ತೆಗೆದುಕೊಳ್ಳುತ್ತೇವೆ, ಅಲ್ಲಿಯವರೆಗೆ ಆಕೆಯೊಂದಿಗೆ ಈ ವಿಷಯ ಮಾತಾಡಬೇಡಿ ಎಂದು ಹೇಳಿ ಅಧಿಕಾರಿ ಫೋನಿಟ್ಟರು.

ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ವಿಷಯವನ್ನೂ ಮಾತಾಡಲಿಲ್ಲ. ಜನವರಿ ಕೊನೆಯಲ್ಲಿ ಕೂಟದವರು ಇಟ್ಟುಕೊಂಡ ಸಂಕ್ರಾಂತಿಗೆ ಪೊಟ್ಟಣ ಕಟ್ಟಲು ನಾನು ಹೋಗಲಿಲ್ಲ. ಫೆಬ್ರವರಿಯಲ್ಲಿ ರತ್ನಮ್ಮನವರು ಎರಡು ಸಲ ಫೋನ್ ಮಾಡಿದರು. ಮೊದಲನೆಯದನ್ನು ಎತ್ತಲಿಲ್ಲ. ಎರಡನೆಯದಕ್ಕೆ, "ಈಗ ಮಾತಾಡೋದು ಬೇಡ ಆಂಟಿ, ಎಲ್ಲಾ ಮುಗೀಲಿ" ಎಂದೆ. "ಆಯ್ತು ಬುಡವ್ವ" ಎಂದು ಅವರು ಇಟ್ಟುಬಿಟ್ಟರು. ಅವರು ಕೆಲಸ ಬಿಟ್ಟಿದ್ದಾರೆ, ಸರಿಯಾಗಿ ಊಟ ಮಾಡುವುದಿಲ್ಲ ಎಂದು ಚೈತ್ರ ಮೆಸೇಜ್ ಹಾಕುತ್ತಿದ್ದಳು. ಗೆಳತಿ ಸತ್ತ ದುಃಖ ಎಂದುಕೊಂಡೆ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ತಿಂಗಳುಗಳಲ್ಲಿ ನನ್ನೊಳಗೆ ಯಾವುದೂ ಅಲ್ಲಾಡುತ್ತಿರಲಿಲ್ಲ. ಸರಿಯಾದದ್ದನ್ನು ಮಾಡುತ್ತಿದ್ದೇನೆ ಎಂಬ ಒಂದು ಗಟ್ಟಿ ವಿಚಾರ ಮಾತ್ರ ಇತ್ತು, ಅದನ್ನೇ ಹೊದ್ದು ಕೂತಿದ್ದೆ.

ಮಾರ್ಚ್ ಮೊದಲ ವಾರ ಎರಡನೆಯ ಹೇಳಿಕೆ. ಅದೇ ಊಟದ ಮೇಜು. ಅಗತ್ಯ ಬಿದ್ದರೆ ನನ್ನ ಪತ್ರದ ಬಗ್ಗೆ ಕೇಳಲು ನನ್ನನ್ನೂ ಕರೆದಿದ್ದರು. ಒಂದು ಮಾತೂ ಆಡಕೂಡದೆಂಬ ಷರತ್ತಿನ ಮೇಲೆ ಕಿಟಕಿಯ ಪಕ್ಕ ಕೂರಿಸಿದರು. ರತ್ನಮ್ಮನವರು ಒಳಗಿನಿಂದ ಬಂದಾಗ ನಾನು ಗುರುತೇ ಹಿಡಿಯಲಿಲ್ಲ. ನನ್ನ ಕಡೆ ನೋಡದೆ ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ನಡುವೆ ಫೋನು ಇಟ್ಟು ಸ್ಪೀಕರ್ ಹಾಕಿದರು. ಅದರೊಳಗಿಂದ ಒಂದು ಹೆಂಗಸಿನ ದನಿ ಬಂತು. "ನಮಸ್ಕಾರ್ರಿ ಅಕ್ಕಾರ. ನಾ ಟೆಕ್ಸಾಸಿಂದ ಮಾತಾಡಾಕತ್ತೀನ್ರಿ. ನಮ್ದು ಧಾರವಾಡ. ನನ್ ಮಾತು ತಿಳೀತೈತಲ್ರಿ?"

"ತಿಳೀತದೆ ಕಣವ್ವ, ಮೆತ್ಗೆ ಮಾತಾಡು" ಎಂದರು ರತ್ನಮ್ಮನವರು. ಫೆಬ್ರವರಿಯ ಆ 'ಆಯ್ತು ಬುಡವ್ವ' ಆದ ಮೇಲೆ ನಾನು ಕೇಳಿದ ಅವರ ಮೊದಲ ಮಾತು ಅದು.

ಹೆಸರು, ಊರು, ಕೆಲಸದ ವೇಳೆ ಎಲ್ಲ ಆಯಿತು. ಹೊಗೆ ಬಂದಾಗ ಪಕ್ಕದ ಬಾಗಿಲು ಹೇಗಿತ್ತು?

"ಬಾಗ್ಲು ಹಾಕಿತ್ತು."

ಮತ್ತೆ ಅದೇ ಮಾತು, ಅವರಿಗೆ ಬರುವುದು ಅದೊಂದೇ. ಈ ಹೆಂಗಸೂ 'ಕ್ಲೋಸ್ಡ್' ಎಂದರೆ ಮುಗಿಯಿತು. ಆದರೆ ದುಭಾಷಿ, ಇನ್ನೊಂದು ಪ್ರಶ್ನೆ ಕೇಳಿ ಖಚಿತ ಮಾಡಿಕೊಳ್ಳಬೇಕು ಎಂದು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿ ಅನುಮತಿ ಪಡೆದಳು.

"ಅಕ್ಕಾರ, ಹಾಕಿತ್ತು ಅಂದ್ರ ಹ್ಯಾಂಗ್ರಿ? ಬರೇ ಮುಚ್ಚಿತ್ತೋ, ಕೀಲಿ ಹಾಕಿತ್ತೋ?"

ಅಷ್ಟೇ. ಧಾರವಾಡದವರಿಗೆ ಬೀಗ ಎಂದರೆ ಕೀಲಿ. ಅಷ್ಟು ಸಣ್ಣ ಪ್ರಶ್ನೆ ಅದು, ತರಕಾರಿಯವನನ್ನು ಕೇಳುವಂಥದು.

"ಕೀಲಿ ಅಂದ್ರೆ ಬೀಗ ತಾನೆ? ಹೂಂ. ಸರಪಳಿ ಸುತ್ತಿ ಬೀಗ ಹಾಕಿದ್ರು. ದಸರಾ ಕಳೆದ ಮ್ಯಾಗಿಂದ ಅಂಗೇ ಇತ್ತು. ಸಾಮಾನು ಕದೀತಾರೆ ಅಂತವ."

"ಬೆಂಕಿ ಬಿದ್ದ ದಿನಾನೂ ಇತ್ತೇನ್ರಿ?"

ರತ್ನಮ್ಮನವರು ಅಂಗೈಯಿಂದ ಮೇಜನ್ನು ಒಂದು ಸಲ ಒರೆಸಿದರು. "ಬೆಳಗ್ಗೆ ಟೇಬಲ್ ಒರೆಸ್ವಾಗ ನೋಡಿದ್ದೆ, ಇತ್ತು. ಆಮ್ಯಾಕೆ ಯಾರಾದ್ರೂ ತೆಗೆದಿದ್ರೋ ಏನೋ, ನಂಗೊತ್ತಿಲ್ಲ. ನಾನು ತಳ್ನಿಲ್ಲ."

ದುಭಾಷಿ ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿ ಈ ಸಲ ಪೆನ್ನು ಕೆಳಗಿಡಲೇ ಇಲ್ಲ. ಮುಗಿಸಿ ಹೊರಡುವಾಗ ನನ್ನ ಪತ್ರದ ಬಗ್ಗೆ ಏನೂ ಕೇಳಲಿಲ್ಲ. ರತ್ನಮ್ಮನವರು ಆಗಲೇ ಎದ್ದು ಒಳಗೆ ಹೋಗಿದ್ದರು. ನಾನು ಅವರ ಹಿಂದೆ ಹೋಗಲಿಲ್ಲ, ಇನ್ನೂ ಎಲ್ಲ ಮುಗಿದಿರಲಿಲ್ಲವಲ್ಲ.

ಮುಂದಿನದು ಬೇಗ ಆಯಿತು. ಸರಪಳಿ ಎಂಬ ಒಂದು ಪದ ಸಿಕ್ಕ ಮೇಲೆ ಅಧಿಕಾರಿ ಉಳಿದವರನ್ನು ಮತ್ತೆ ಕರೆದು ಕೇಳಿದರು. ಏನೂ ನೋಡಲಿಲ್ಲ ಎಂದಿದ್ದವರಲ್ಲಿ ಇಬ್ಬರು ಬಾಯಿ ಬಿಟ್ಟರು. ಕೊನೆಗೆ ಪಾಳಿಯ ಮೇಲ್ವಿಚಾರಕನೇ ಒಪ್ಪಿಕೊಂಡ. ಬೀಗದ ಕೈ ಅವನ ಹತ್ತಿರವೇ ಇತ್ತು. ಬೆಂಕಿ ಆರಿದ ಗದ್ದಲದಲ್ಲಿ ಸರಪಳಿ ಬಿಚ್ಚಿ ತನ್ನ ಕಾರಿನ ಡಿಕ್ಕಿಗೆ ಹಾಕಿಕೊಂಡಿದ್ದನಂತೆ. ಏಪ್ರಿಲ್ ಹತ್ತಿರ ಬಂದಾಗ ವರದಿಯ ಪ್ರತಿ ಚೈತ್ರಳ ಕೈಗೆ ಬಂತು. ಅವಳು ನನಗೆ ಫೋನ್ ಮಾಡಿ, "ಅಮ್ಮ ನೀವೇ ಬಂದು ಓದ್ಬೇಕಂತೆ. ನಾನು ಓದಿದ್ರೆ ಕೇಳ್ತಿಲ್ಲ" ಎಂದಳು.

ಹೋದೆ. ಶನಿವಾರ ಬೆಳಿಗ್ಗೆ, ಹೊರಗೆ ಬಿಸಿಲಿತ್ತು, ಗಿಡಗಳಲ್ಲಿ ಇನ್ನೂ ಎಲೆ ಬಂದಿರಲಿಲ್ಲ. ರತ್ನಮ್ಮನವರು ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಬೆರಳು ತಾನಾಗಿ ಆಡುತ್ತಿತ್ತು, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ವರದಿಯಲ್ಲಿ ಬಾಗಿಲಿನ ಭಾಗವನ್ನು ತೆಗೆದೆ, ಪಕ್ಕದಲ್ಲೇ ಗೋದಾಮಿನ ಮತ್ತು ಆ ಕಬ್ಬಿಣದ ಬಾಗಿಲಿನ ಫೋಟೋ ಇತ್ತು. ಇಂಗ್ಲಿಷಿನಲ್ಲಿ ಒಂದು ಸಲ ಓದಿದೆ. ಆಮೇಲೆ ಕನ್ನಡದಲ್ಲಿ, ಈ ಸಲ ಒಂದೊಂದೇ ಪದ ನೋಡಿಕೊಂಡು ಹೇಳಿದೆ. "ಘಟನೆಯ ಹೊತ್ತಿನಲ್ಲಿ ಪಕ್ಕದ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಲಾಗಿತ್ತು. ಒಳಗಿನಿಂದ ಅದನ್ನು ತೆರೆಯಲು ಯಾರಿಗೂ ಸಾಧ್ಯವಿರಲಿಲ್ಲ."

"ಯಾರ್ಗೂವೆ?"

"ಯಾರಿಗೂ ಆಂಟಿ."

"ತಳ್ಳಿದ್ರೂ ತೆಗೀತಿರ್ನಿಲ್ಲ?"

"ತೆಗೀತಿರ್ಲಿಲ್ಲ."

ಅವರ ಕೈ ನಿಂತಿತು. "ಇನ್ನೊಂದ್ ಸಲ ಓದು" ಎಂದರು. ಓದಿದೆ. ಮತ್ತೊಂದು ಸಲ ಎಂದರು. ಮತ್ತೊಂದು ಸಲ ಓದಿದೆ.

"ನಾನು ತಪ್ಪು ಮಾಡ್ದೆ ಆಂಟಿ" ಎಂದೆ. "ಅವತ್ತು ನೀವು ಹೇಳಿದ್ದು ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ. ಬೀಗ ಅಂತ ಹೇಳೋ ಬದ್ಲು ಬರೀ ಮುಚ್ಚಿತ್ತು ಅಂತ ಹೇಳ್ಬಿಟ್ಟೆ."

ಅವರು ನನ್ನನ್ನು ಬೈಯಬಹುದೆಂದು ಕಾದೆ. ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ನೀನು ಕೇಳ್ದಲ್ಲವ್ವ ಅವತ್ತು, ತಳ್ಳಿದ್ರಾ ಅಂತವ. ಒಂದ್ ಸಲ ಅಲ್ಲ, ಎರಡ್ ಸಲ ಕೇಳ್ದೆ. ಸರಪಳಿ ನಾನ್ ಕಣ್ಣಾರೆ ಕಂಡಿದ್ದೆ. ಆದ್ರೂವೆ, ಇಷ್ಟು ಓದ್ದೋಳು ಕೇಳ್ತಾವ್ಳೆ ಅಂದ್ಮ್ಯಾಲೆ, ಆ ಗಳಿಗೇಲಿ ತೆಗೆದಿದ್ರೇನೋ, ನಾನೇ ತಳ್ಳದೆ ಒಂಟೋದ್ನೇನೋ, ಕೋಕ್ಲಮ್ಮ ನನ್ ನಂಬ್ಕಂಡು ಆ ಕಡೀಕೆ ಬಂದ್ಲೇನೋ ಅನ್ಕಂಡೆ. ಆಮ್ಯಾಕೆ ನೀನೂ ಬರಾದು ಬುಟ್ಟೆ. ಪೋನು ಮಾಡಿದ್ರೆ ಮಾತಾಡ್ನಿಲ್ಲ. ಸುಮಂಗೂ ಗೊತ್ತಾಗ್ಬುಟ್ಟದೆ, ಅದ್ಕೇ ಮೊಕ ತೋರುಸ್ತಿಲ್ಲ ಅನ್ಕಂಡೆ."

ಆ ಚಳಿಗಾಲದಲ್ಲಿ ಮೊದಲ ಸಲ ನನಗೆ ನೋವಾಯಿತು, ಎದೆಯ ನಡುವೆ, ನಿಜವಾದ ನೋವು.

ರತ್ನಮ್ಮನವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಬೆಳಗ್ಗೆ ಎದ್ರೆ ಅದೇ, ನಿಂತ್ರೆ ಅದೇ, ಕುಂತ್ರೆ ಅದೇ. ನಾಕು ತಿಂಗ್ಳಿಂದ ದಿನಾ ತಳ್ತಾ ಇವ್ನಿ ಕಣವ್ವ ಆ ಬಾಗ್ಲ" ಎಂದರು. ಆಮೇಲೆ, ಮಗು ಕೇಳುವಂತೆ, ನನ್ನ ಮುಖ ನೋಡಿ ಕೇಳಿದರು. "ಇನ್ ಬುಟ್ಬುಡ್ಲಾ?"

"ಬಿಡಿ ಆಂಟಿ" ಎಂದು ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವರೆಕಾಳಿಗೆ ಕೈ ಹಾಕಿದೆ.